ರಾಗಿ ಕಾಳಿನಷ್ಟು ಉಣುಗು

ಹಸುವಿನ ಕಿವಿಯ ಬುಡದಲ್ಲೋ ಕೆಚ್ಚಲ ಪಕ್ಕದಲ್ಲೋ ಕಚ್ಚಿಕೊಂಡು, ರಕ್ತ ಕುಡಿದು ಹರಳು ಬೀಜದಷ್ಟು ಊದಿಕೊಂಡ ಉಣುಗನ್ನು ಮಲೆನಾಡಿನಲ್ಲಿ ನೋಡದವರಿಲ್ಲ. ಹಾಲು ಕರೆಯುವಾಗ ಕೈಗೆ ತಾಗುತ್ತದೆ. ಕಿತ್ತು ಬಚ್ಚಲ ಒಲೆಗೆ ಎಸೆದರೆ ಚಟ್ಟೆನ್ನುತ್ತದೆ. ಉಣ್ಣೆ, ಉಣ್ಣಿ, ಉಣುಗು ಎಂದು ಊರಿಗೊಂದು ಹೆಸರು. ಇದನ್ನು ಕಂಡರೆ ನಮಗೆ ಹೇಸಿಗೆ. ಆದರೆ ಹೆದರಬೇಕಾದ್ದು ಇದಕ್ಕಲ್ಲ.

ಸಂಕ್ರಾಂತಿ ಆಸುಪಾಸಿನಲ್ಲಿ ಬೆಟ್ಟದಿಂದ ದರಕು, ಅಂದರೆ ಒಣ ತರಗೆಲೆ, ಹೊತ್ತು ತಂದವರ ಮೊಣಕಾಲ ಹಿಂದಿನ ಮಡಿಕೆಯಲ್ಲಿ, ಲಂಗದ ಲಾಡಿ ಕಟ್ಟಿದ ಜಾಗದಲ್ಲಿ ಇನ್ನೊಂದು ಸದ್ದಿಲ್ಲದೆ ಕೂತಿರುತ್ತದೆ. ಗಾತ್ರ ರಾಗಿ ಕಾಳಿನಷ್ಟು, ಬಣ್ಣವೂ ಹೆಚ್ಚುಕಡಿಮೆ ಅದೇ. ಮಣ್ಣಿನ ಕಣವೋ ಮಚ್ಚೆಯೋ ಎಂದುಕೊಂಡು ಉಜ್ಜಿ ಸುಮ್ಮನಾಗುತ್ತೇವೆ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಬಹುಪಾಲು ಈ ಪುಟಾಣಿಯೇ. ದೊಡ್ಡ ಉಣುಗು ಮಳೆಗಾಲದ್ದು, ಕಾಯಿಲೆ ಬೇಸಿಗೆಯದು. ಮಳೆಗಾಲ ಮುಗಿದರೆ ಉಣುಗಿನ ಕಾಟವೂ ಮುಗಿಯಿತು ಎಂದು ನಾವು ನಿಟ್ಟುಸಿರು ಬಿಡುವ ಹೊತ್ತಿಗೇ ನಿಜವಾದ ಅಪಾಯದ ಕಾಲ ಶುರುವಾಗಿರುತ್ತದೆ. ಲೆಕ್ಕ ತಪ್ಪುವುದು ಇಲ್ಲೇ.

ಸಾಗರ ಸೀಮೆಯಲ್ಲಿರುವ ನನ್ನ ಸೋದರತ್ತೆಗೆ ಇದನ್ನೆಲ್ಲ ಹೇಳಹೋದರೆ ನಕ್ಕರು. "ಉಣುಗು ನಮಗೆಂತ ಹೊಸತಾ ಮಾರಾಯ? ಹುಟ್ಟಿದಾಗಿಂದ ಕಚ್ಚಿಸ್ಕೊಂಡೇ ಬಂದಿದೀವಿ." ಮಾತು ಸುಳ್ಳಲ್ಲ. ಕಚ್ಚಿದ ಉಣುಗೆಲ್ಲ ಕಾಯಿಲೆ ತರುವುದಿಲ್ಲ. ಯಾವುದು ತರುತ್ತದೆ, ಯಾವಾಗ ತರುತ್ತದೆ ಎಂಬುದು ಗೊತ್ತಿದ್ದರೆ ವರ್ಷವಿಡೀ ಹೆದರಿಕೊಂಡು ಕೂರಬೇಕಿಲ್ಲ. ಹೆದರಬೇಕಾದ ತಿಂಗಳಲ್ಲಿ ಹೆದರಿದರೆ ಸಾಕು.

ಕ್ಯಾಸನೂರಿನಿಂದ ಇಲ್ಲಿಯವರೆಗೆ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವುದೆಂದರೆ ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದರ ದಾಯಾದಿಗಳು ರಷ್ಯಾದ ಕಾಡುಗಳಲ್ಲಿ ಉಣುಗಿನ ಮೂಲಕವೇ ಮಿದುಳು ಜ್ವರ ತರುವಂಥವು. ಸೊರಬದ ಒಂದು ಕಾಡಿನ ಹೆಸರು ಹೀಗೆ ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋಯಿತು. ದಾಖಲೆಯಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ಆಸ್ಪತ್ರೆಯ ಚೀಟಿಯಲ್ಲಿ ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಬಹಳ ವರ್ಷ ಅದು ಶಿವಮೊಗ್ಗ ಮತ್ತು ಅದರ ನೆರೆಹೊರೆಯಲ್ಲೇ ಉಳಿದಿತ್ತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಸೀಮೆಯಲ್ಲಿ, ಗೇರು ತೋಪಿಗಾಗಿ ಕಾಡು ಕಡಿದ ಜಾಗದ ಸುತ್ತ ಅದು ಎದ್ದಾಗ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2012ರಲ್ಲಿ ಬಂಡೀಪುರದ ಕಡೆ ಕಂಡಿತು. ಆಮೇಲೆ ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮ ಘಟ್ಟದುದ್ದಕ್ಕೂ ಕಾಣಿಸಿಕೊಂಡಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎದ್ದದ್ದು ಎಷ್ಟೋ ಮನೆಗಳಿಗೆ ಮರೆಯಲಾಗದ ಬೇಸಿಗೆಯಾಯಿತು. ಈಚೆಗೆ ಸಿದ್ದಾಪುರ ತಾಲ್ಲೂಕೂ ಸಾಕಷ್ಟು ಪೆಟ್ಟು ತಿಂದಿದೆ.

ಕಾಡು ಕಡಿಯುವುದಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ಹೋರ್ಹೆ ಬೊಷೆಲ್ ಎಂಬ ವಿಜ್ಞಾನಿ 1969ರಲ್ಲೇ ಎತ್ತಿ ತೋರಿಸಿದ್ದರು. ದಟ್ಟಡವಿಯ ನಡುವೆ ತೋಟ, ಗದ್ದೆ, ಮನೆ ಎದ್ದು, ದನಗಳು ಕಾಡಂಚಿನಲ್ಲಿ ಮೇಯತೊಡಗಿದರೆ ದೊಡ್ಡ ಉಣುಗಿಗೆ ಮನೆಬಾಗಿಲಲ್ಲೇ ಊಟ ಬಡಿಸಿದಂತೆ ಎಂಬುದು ಅವರ ವಾದದ ತಿರುಳು. ದನಕ್ಕೆ ಈ ಕಾಯಿಲೆ ತಾಗುವುದಿಲ್ಲ. ಆದರೆ ಕಾಡಿನ ಉಣುಗಿನ ಸಂಸಾರ ಬೆಳೆಯುವುದು ದನದ ರಕ್ತದಲ್ಲಿ.

ಮಳೆಯ ಲೆಕ್ಕದಲ್ಲಿ ಉಣುಗು

ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಈ ಉಣುಗಿಗೆ ವಿಜ್ಞಾನಿಗಳು ಹೀಮಾಫೈಸಾಲಿಸ್ ಸ್ಪಿನಿಜೆರಾ ಎನ್ನುತ್ತಾರೆ. ಹುಟ್ಟಿನಿಂದ ಸಾಯುವತನಕ ಇದು ಮೂರು ಹಂತ ದಾಟುತ್ತದೆ. ಹಂತಕ್ಕೊಂದು ಊಟ, ಊಟಕ್ಕೊಂದು ಬೇರೆ ಪ್ರಾಣಿ. ತಿಂದಾದ ಮೇಲೆ ನೆಲಕ್ಕೆ ಉದುರಿ, ತರಗೆಲೆಯಡಿ ಸೇರಿ, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ.

ಮುಂಗಾರಿನ ಮಳೆ ಬಿದ್ದು ಕಾಡು ತೊಯ್ದ ಕೂಡಲೆ ದೊಡ್ಡ ಉಣುಗುಗಳು ಮೇಲೇಳುತ್ತವೆ. ಜುಲೈ, ಆಗಸ್ಟ್ ಇವುಗಳ ಭರಾಟೆಯ ಕಾಲ. ಇವಕ್ಕೆ ಬೇಕಾದ್ದು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿ. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬಿದ್ದು ಸಾವಿರದ ಲೆಕ್ಕದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಭೂಮಿ ಹುಣ್ಣಿಮೆ, ದೀಪಾವಳಿಯ ಹೊತ್ತಿಗೆ ಆ ಮೊಟ್ಟೆಗಳೊಡೆದು ಮರಿಗಳು. ಕಾಳುಮೆಣಸಿನ ಪುಡಿ ಉದುರಿದ ಹಾಗೆ ಒಂದೇ ಎಲೆಯ ಮೇಲೆ ನೂರಾರು ಇರುತ್ತವೆ. ತೋಟದ ದಾರಿಯಲ್ಲಿ ನಡೆದರೆ ಒಮ್ಮೆಲೇ ಕಾಲಿಗೆ ಹತ್ತಿ, ಮೈಯೆಲ್ಲ ತುರಿಕೆ. ಜನ ಶಾಪ ಹಾಕುವುದು ಇವಕ್ಕೆ. ಆದರೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ವೈರಸ್ ಇರುವುದಿಲ್ಲ. ಅದರ ಮೊದಲ ಊಟ ಯಾವುದು ಎಂಬುದರ ಮೇಲೆ ಮುಂದಿನ ಕತೆ. ಸೋಂಕು ತಗುಲಿದ ಇಲಿ, ಹೆಗ್ಗಣ, ಮಂಗದಂಥ ಪ್ರಾಣಿಯ ರಕ್ತ ಕುಡಿದರೆ ವೈರಸ್ ಅದರೊಳಗೆ ಸೇರಿ ಅಲ್ಲೇ ಉಳಿಯುತ್ತದೆ.

ಆ ಮರಿ ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದಾಗ ಆರು ಕಾಲು ಹೋಗಿ ಎಂಟು ಕಾಲಾಗಿರುತ್ತದೆ. ಇದೇ ರಾಗಿ ಕಾಳಿನ ಗಾತ್ರದ್ದು. ಹುಳಗಳ ಇಂಥ ನಡುಹಂತಕ್ಕೆ ನಮ್ಮ ಕೃಷಿ ಪುಸ್ತಕಗಳು 'ಅಪ್ಸರೆ' ಎನ್ನುತ್ತವೆ. ಇಂಗ್ಲಿಷ್ ಶಬ್ದಕ್ಕೆ ಯಾರೋ ರಸಿಕರು ಕೊಟ್ಟ ಕನ್ನಡ. ಋಷಿಗಳ ತಪಸ್ಸನ್ನಲ್ಲ, ರೈತರ ಆರೋಗ್ಯವನ್ನು ಕೆಡಿಸುವ ಅಪ್ಸರೆ ಇದು. ನವೆಂಬರ್ ಕೊನೆಯಿಂದ ಮೇ ತನಕ ಇದರ ಕಾಲ. ಮನುಷ್ಯರಲ್ಲಿ ಕಾಯಿಲೆ ಕಾಣುವುದೂ ಡಿಸೆಂಬರಿನಿಂದ ಮೇವರೆಗೆ, ಜನವರಿಯಿಂದ ಏಪ್ರಿಲ್‌ವರೆಗೆ ಜೋರು. ಮುಂಗಾರು ಬಿದ್ದರೆ ಇಳಿಯುತ್ತದೆ.

ಈಗ ಈ ತಿಂಗಳುಗಳನ್ನು ತೋಟಗಾರನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಅಡಿಕೆ ಕೊಯ್ಲು, ಕಟ್ಟಿಗೆ ಕೂಡಿಹಾಕುವುದು, ಕೊಟ್ಟಿಗೆಗೆ ಹಾಸಲು ದರಕು ಗುಡಿಸುವುದು, ಸೀಗೆಕಾಯಿ ಕೀಳುವುದು ಎಲ್ಲವೂ ಇದೇ ಹೊತ್ತಿಗೆ. ಕಾಡಿಗೆ ಹೆಚ್ಚು ಹೋಗುವ ಕಾಲವೂ ಪುಟಾಣಿ ಉಣುಗಿನ ಕಾಲವೂ ಒಂದೇ. ಅದರಲ್ಲೂ ದರಕು ಗುಡಿಸುವುದು ಬಹಳ ಕಡೆ ಹೆಂಗಸರ ಕೆಲಸ. ಬಗ್ಗಿ, ಕೂತು, ಎಲೆರಾಶಿಯನ್ನು ಅಪ್ಪಿ ಹೆಡಿಗೆಗೆ ತುಂಬುವ ಕೆಲಸ. ಉಣುಗಿಗೆ ಹಾರಲು ಬಾರದು, ನೆಗೆಯಲು ಬಾರದು. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ ಮುಂದಿನ ಎರಡು ಕಾಲು ಚಾಚಿ ಕಾಯುತ್ತದೆ. ಹಾದುಹೋಗುವವರ ಉಸಿರು, ಮೈಶಾಖ ತಿಳಿಯುವ ಅಂಗ ಆ ಮುಂಗಾಲುಗಳಲ್ಲೇ ಇದೆ. ಬಟ್ಟೆ ಸೋಕಿದರೆ ಸಾಕು, ಹಿಡಿದುಕೊಳ್ಳುತ್ತದೆ.

ಮಂಗ ಸತ್ತರೆ

ಕಾಯಿಲೆಗೆ ಮಂಗನ ಹೆಸರಿಟ್ಟದ್ದು ಅನ್ಯಾಯ. ಮುಸಿಯವೂ ಕೆಂಪು ಮಂಗವೂ ನಮ್ಮ ಹಾಗೇ ಉಣುಗು ಕಚ್ಚಿಸಿಕೊಂಡು, ನಮಗಿಂತ ಬೇಗ ಸಾಯುವಂಥವು. ಮಂಗನಿಂದ ಮನುಷ್ಯನಿಗೆ ಕಾಯಿಲೆ ದಾಟುವುದು ಬಹುಪಾಲು ಉಣುಗಿನ ಮೂಲಕವೇ. ಮನುಷ್ಯನಿಂದ ಮನುಷ್ಯನಿಗೆ ಬರುವುದಿಲ್ಲ. ಜ್ವರದವರನ್ನು ಮನೆಯಲ್ಲಿ ಆರೈಕೆ ಮಾಡಲು ಹೆದರಬೇಕಿಲ್ಲ. ಆದರೆ ಸತ್ತ ಮಂಗದ ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿಯುತ್ತವೆ. ಆ ಜಾಗ ಕೆಲವು ಕಾಲ ವೈರಸ್ ಹೊತ್ತ ಉಣುಗಿನ ಕಣಜ.

ಹಾಗಾಗಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಿ ನೋಡಬೇಡಿ, ಕೋಲಿನಿಂದ ತಿವಿಯಬೇಡಿ, ಪುಣ್ಯಕ್ಕೆಂದು ಹೂಳಲೂ ಹೋಗಬೇಡಿ. ಮಂಗ ಸತ್ತರೆ ಹೂವು ಹಾಕಿ ಸಂಸ್ಕಾರ ಮಾಡುವ ರೂಢಿ ನಮ್ಮಲ್ಲಿ ಅನೇಕ ಕಡೆ ಇದೆ. ಕಾಯಿಲೆಯ ಸೀಮೆಯಲ್ಲಿ ಆ ಭಕ್ತಿಯನ್ನು ದೂರದಿಂದಲೇ ಕೈಮುಗಿದು ಮುಗಿಸುವುದು ಮೇಲು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ಪಂಚಾಯಿತಿಗೋ ಫೋನ್ ಮಾಡಿ. ಪಶುವೈದ್ಯರು ಮಾದರಿ ತೆಗೆದ ಮೇಲೆ ಹೆಣ ಸುಟ್ಟು, ಸುತ್ತ 50 ಮೀಟರಿನಷ್ಟು ಜಾಗಕ್ಕೆ ಕೀಟನಾಶಕ ಹೊಡೆಯುತ್ತಾರೆ. ಆ ಕಡೆಗೆ ದನ ಅಟ್ಟುವುದನ್ನು, ಸೊಪ್ಪು, ದರಕಿಗೆ ಹೋಗುವುದನ್ನು ಆ ಬೇಸಿಗೆಗೆ ಬಿಟ್ಟುಬಿಡಿ. ಇನ್ನೊಂದು ಮಾತು: ಮಂಗ ಸತ್ತ ಸುದ್ದಿ ಬರಲಿ, ಆಮೇಲೆ ಉಣುಗು ದೂರವಿಡುವ ಎಣ್ಣೆ ಹಚ್ಚೋಣ ಎಂದು ಕಾಯುವವರು ಬಹಳ. ದಟ್ಟ ಕಾಡಿನೊಳಗೆ ಸತ್ತ ಮಂಗ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋಗುವ ಮುಂಚೆ, ಬಂದ ಮೇಲೆ

ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು, ಅದೂ ಕೊಟ್ಟಿಗೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದನದ ಮೈಯ ಉಣುಗನ್ನು ನಿಗ್ರಹಿಸಿದರೆ ಮನೆಯ ಸುತ್ತ ಮೊಟ್ಟೆಯಿಡುವ ಹೆಣ್ಣುಗಳು ಅಷ್ಟರಮಟ್ಟಿಗೆ ಕಮ್ಮಿ. ಬೆನ್ನಿನುದ್ದಕ್ಕೂ ಸುರಿಯುವ ಫ್ಲುಮೆಥ್ರಿನ್ ದ್ರಾವಣವಿದೆ, ಚುಚ್ಚುಮದ್ದುಗಳಿವೆ. ಯಾವುದು, ಎಷ್ಟು, ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಪಶುವೈದ್ಯರನ್ನೇ ಕೇಳಿ. ಗಬ್ಬದ ಹಸುವಿಗೆ ಪಕ್ಕದ ಮನೆಯವರ ಔಷಧಿ ಹಾಕುವುದು ಬೇಡ. ಉಣುಗಿನಿಂದ ದನಕ್ಕೇ ಬರುವ ಕೆಂಪು ಮೂತ್ರದಂಥ ರೋಗಗಳಿಗೂ ಇದರಿಂದ ತಡೆ. ದೀಪಾವಳಿಯ ಗೋಪೂಜೆಗೆ ಮೈ ತೊಳೆದು ಉಣುಗು ಹೆಕ್ಕುವುದು ಒಳ್ಳೆಯದೇ, ಆದರೆ ಆ ಹೊತ್ತಿಗೆ ಮೊಟ್ಟೆ ನೆಲ ಸೇರಿಯಾಗಿರುತ್ತದೆ.

ಅಂಗಳ, ಕೊಟ್ಟಿಗೆ, ತೋಟಕ್ಕೆ ಹೋಗುವ ಕಾಲುದಾರಿಯ ಎರಡೂ ಬದಿ ತರಗೆಲೆ ಗುಡಿಸಿ, ಕಳೆ ಸವರಿ, ಮಣ್ಣು ಕಾಣುವ ಹಾಗೆ ಇಡಿ. ಉಣುಗಿಗೆ ಬಿಸಿಲು ಆಗದು, ಎಲೆಯಡಿಯ ತಂಪಿಲ್ಲದಿದ್ದರೆ ಒಣಗಿ ಸಾಯುತ್ತದೆ. ಬೆಂಕಿ ಹಾಕಿ ಮುಗಿಸೋಣ ಎಂಬ ಆಸೆ ಬೇಡ, ಅದು ಕಾಡಿಗೆ ಹಬ್ಬಿದರೆ ಬೇರೆಯೇ ರಾಮಾಯಣ.

ದರಕು ತರಲೇಬೇಡಿ ಎಂದು ಹೇಳುವುದು ಇಲಾಖೆಯ ಕರಪತ್ರಕ್ಕೆ ಸುಲಭ. ಕೊಟ್ಟಿಗೆಯಲ್ಲಿ ನಾಲ್ಕು ದನ, ಗೊಬ್ಬರ ನಂಬಿದ ತೋಟ ಇದ್ದವರಿಗೆ ಅಷ್ಟು ಸುಲಭವಲ್ಲ. ಆದರೂ ಹತ್ತಿರದಲ್ಲಿ ಕಾಯಿಲೆ ಕಂಡ ವರ್ಷ ಹುಲ್ಲು, ಸೋಗೆ, ಅಡಿಕೆ ಸಿಪ್ಪೆಯಲ್ಲಿ ಸುಧಾರಿಸಬಹುದಾದರೆ ಸುಧಾರಿಸಿ. ತರುವುದೇ ಆದರೆ ಎಲೆರಾಶಿಯ ಮೇಲೆ ಕೂತು ಕವಳ ಹಾಕುವುದು ಬೇಡ, ಮಕ್ಕಳನ್ನು ಜೊತೆಗೆ ಕರೆದೊಯ್ಯುವುದು ಬೇಡ, ತಂದದ್ದನ್ನು ಮನೆಯ ಗೋಡೆಗೆ ತಾಗಿ ಒಟ್ಟುವುದು ಬೇಡ.

ಉಡುಪಿನ ವಿಷಯ. ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಮೇಲೆ ಗಂಬೂಟು. ಸೀರೆಯೇ ಉಡುವವರು ಒಳಗೆ ಪ್ಯಾಂಟು ಹಾಕಿ ಸೀರೆ ಎತ್ತಿ ಕಟ್ಟುವುದನ್ನು ನೋಡಿದ್ದೇನೆ, ನಗುವವರು ನಗಲಿ. ಕೈಕಾಲು, ಕುತ್ತಿಗೆಗೆ ಡೆಪಾ ಎಣ್ಣೆ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ ಬಂದಿದೆ. ಕಾಯಿಲೆಯ ಸೀಮೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ತಲುಪಿಸುತ್ತಾರೆ. ತಂದುಕೊಟ್ಟ ಬಾಟಲಿ ದೇವರ ಗೂಡಿನ ಪಕ್ಕ ಸೀಲು ಒಡೆಯದೆ ಕೂತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇದು ಕಾಡಿಗೆ ಹೊರಡುವ ಮುಂಚೆ ಹಚ್ಚುವುದು, ಕಚ್ಚಿದ ಮೇಲೆ ಹಚ್ಚುವ ಮುಲಾಮಲ್ಲ. ಕಣ್ಣು, ತುಟಿ, ಗಾಯಕ್ಕೆ ತಾಗಿಸಬಾರದು. ಬೆವರಿಗೆ ಹೋಗಿಬಿಡುತ್ತದೆ, ಮಧ್ಯಾಹ್ನ ಮತ್ತೆ ಹೊರಟರೆ ಮತ್ತೆ ಹಚ್ಚಬೇಕು.

ವಾಪಸು ಬಂದ ಮೇಲಿನ ಕೆಲಸಕ್ಕೆ ಮಲೆನಾಡಿನ ಬಚ್ಚಲುಮನೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಹಂಡೆಯಲ್ಲಿ ನೀರು ಕುದಿಯುತ್ತಲೇ ಇರುತ್ತದೆ. ಜಗುಲಿಯಲ್ಲಿ ಕೂರದೆ, ಚಾ ಕೇಳದೆ ನೇರ ಬಚ್ಚಲಿಗೆ ಹೋಗಿ ಬಟ್ಟೆ ಕಳಚಿ ಬಕೆಟ್ಟಿಗೆ ಹಾಕಿ ಅದರ ಮೇಲೆ ಕುದಿನೀರು ಸುರಿಯಿರಿ. ಸೋಪು ಹಚ್ಚಿ ಮೈ ಉಜ್ಜಿ ಬಿಸಿನೀರಿನ ಸ್ನಾನ. ಆಮೇಲೆ ಒಳ್ಳೆಯ ಬೆಳಕಿನಲ್ಲಿ ಮೈ ನೋಡಿಕೊಳ್ಳಬೇಕು: ಮೊಣಕಾಲ ಹಿಂದೆ, ತೊಡೆಸಂದು, ಹೊಕ್ಕುಳು, ಉಡಿದಾರದ ಸುತ್ತ, ಕಂಕುಳು, ಕಿವಿಯ ಹಿಂದೆ, ತಲೆಗೂದಲ ಅಂಚು. ಬೆನ್ನನ್ನು ಇನ್ನೊಬ್ಬರು ನೋಡಬೇಕು. ಕಣ್ಣಿಗಿಂತ ಬೆರಳ ತುದಿಗೆ ಬೇಗ ಸಿಗುತ್ತದೆ. ನಿನ್ನೆ ಇಲ್ಲದ ಸಣ್ಣ ಗಂಟು ಇವತ್ತು ತಾಗಿದರೆ ದೀಪ ಹಿಡಿದು ನೋಡಿ.

ಸಿಕ್ಕರೆ? ಸುಣ್ಣ ಹಚ್ಚುವವರು, ಸೀಮೆಎಣ್ಣೆ ಬಿಡುವವರು, ಬೀಡಿಯ ಕೆಂಡ ತಾಗಿಸುವವರು ಎಲ್ಲ ಇದ್ದಾರೆ. ಯಾವುದೂ ಬೇಡ. ಹಿಂಸೆಗೊಂಡ ಉಣುಗು ಬಿಡುವ ಮೊದಲು ತನ್ನ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟದಿಂದ, ಊದಿದ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿರುವ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ಒಂದೇ ಸಮ ನೇರ ಮೇಲಕ್ಕೆ ಎಳೆಯಿರಿ. ಉಗುರಿನ ನಡುವೆ ಚಿವುಟಿ ಕೊಲ್ಲುವ ಚಾಳಿ ನನಗೂ ಇತ್ತು. ಉಣುಗಿನೊಳಗಿನ ರಸ ಉಗುರಸಂದಿಯ ಗೀರಿಗೆ ತಾಗುವುದೂ ಅಪಾಯವೇ ಎಂದು ತಿಳಿದ ಮೇಲೆ ಬಿಟ್ಟೆ. ಒಲೆಗೋ ಸ್ಪಿರಿಟ್ಟಿಗೋ ಹಾಕಿ, ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಎಂದು ಕಚ್ಚಿತು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಯಾಕೆಂದರೆ ಮುಂದಿನದೆಲ್ಲ ದಿನದ ಲೆಕ್ಕ.

ಜ್ವರ ಬಂದರೆ

ವೈರಸ್ ಮೈ ಸೇರಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಏಕಾಏಕಿ ಏರುತ್ತದೆ. ಜೊತೆಗೆ ಹಣೆ ಸಿಡಿಯುವ ತಲೆನೋವು, ಸೊಂಟ, ಮೀನಖಂಡ ಹಿಂಡಿದಂಥ ನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ನಿಶ್ಶಕ್ತಿ ಮಾತ್ರ ತಿಂಗಳುಗಟ್ಟಲೆ ಕಾಡಬಹುದು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಜ್ವರ ಬಿಟ್ಟು ಹಾಯಾಗಿದ್ದು, ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸುತ್ತದೆ. ಈ ಸಲ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜು, ಮಾತು ಗಲಿಬಿಲಿ. ಹೀಗಾದರೆ ಒಂದು ಗಳಿಗೆಯೂ ತಡಮಾಡಬಾರದು. ಸಾವಿನ ಪ್ರಮಾಣ ನೂರಕ್ಕೆ ಮೂರರಿಂದ ಐದು.

ಈ ವೈರಸ್ಸಿಗೆಂದೇ ಔಷಧಿ ಇಲ್ಲ. ಅಮೆರಿಕದಲ್ಲಿರುವ ನೆಂಟರು ಅಲ್ಲಿ ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಗೆ ಆ್ಯಂಟಿಬಯಾಟಿಕ್ ನುಂಗಿ ಗುಣವಾದ ಕತೆ ಹೇಳಿದರೆ ಅದನ್ನು ಇಲ್ಲಿ ನಂಬಿ ಕೂರಬೇಡಿ. ಅದು ಬ್ಯಾಕ್ಟೀರಿಯಾ, ಇದು ವೈರಸ್. ಮೈಯ ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಂಡು ಆಸ್ಪತ್ರೆಯಲ್ಲಿ ಕಾಪಾಡುವುದೇ ಚಿಕಿತ್ಸೆ, ಬೇಗ ಹೋದಷ್ಟೂ ಅದು ಸುಲಭ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸಬಹುದು, ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ತೊಡಕಿರುವುದು ಗುರುತಿಸುವುದರಲ್ಲಿ. ಡೆಂಗಿ, ಇಲಿ ಜ್ವರ, ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಲ್ಲವೂ ಮಲೆನಾಡಿನಲ್ಲಿವೆ, ಆರಂಭದಲ್ಲಿ ಎಲ್ಲ ಒಂದೇ ಥರ. ಹೀಗಾಗಿ ವೈದ್ಯರ ಎದುರು ಕೂತಾಗ "ಜ್ವರ" ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಎಂದು ಕಾಡಿಗೆ ಹೋದಿರಿ, ಎಂದು ಉಣುಗು ಕಚ್ಚಿತು, ಹತ್ತಿರ ಮಂಗ ಸತ್ತಿದೆಯೇ, ಜ್ವರ ಎಷ್ಟನೇ ದಿನ ಎಂಬ ನಾಲ್ಕು ಸಂಗತಿ ಹೇಳಿ. ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ, ತಡವಾದರೆ ರಕ್ತದಲ್ಲಿ ಪ್ರತಿಕಾಯ ಹುಡುಕಬೇಕಾಗುತ್ತದೆ. ದಿನದ ಲೆಕ್ಕ ತಪ್ಪಿದರೆ ಪರೀಕ್ಷೆಯೂ ದಾರಿ ತಪ್ಪಿಸಬಹುದು. ರಕ್ತದ ಮಾದರಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಟ್ಟರೆ ಸಾಕು, ಶಿವಮೊಗ್ಗದ ವೈರಸ್ ಪ್ರಯೋಗಾಲಯದಂಥ ಕಡೆಗೆ ಅವರೇ ಕಳಿಸುತ್ತಾರೆ.

ಜೋಗ, ಶರಾವತಿ ಕಣಿವೆ, ಚಾರಣ ಎಂದು ಜನವರಿ, ಫೆಬ್ರುವರಿಯಲ್ಲಿ ಬರುವ ಪೇಟೆಯವರಿಗೂ ಇದೇ ಮಾತು. ಬೆಂಗಳೂರಿಗೆ ಮರಳಿದ ವಾರದಲ್ಲಿ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆ ತಕ್ಷಣ ಹೊಳೆಯಲಿಕ್ಕಿಲ್ಲ. ಮಲೆನಾಡಿನ ಕಾಡು ತಿರುಗಿ ಬಂದಿದ್ದೇನೆ ಎಂದು ನೀವೇ ಬಾಯಿಬಿಡಬೇಕು.

ಲಸಿಕೆ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್, ಮತ್ತೆ ವರ್ಷವರ್ಷ ಬೂಸ್ಟರ್. ಚುಚ್ಚಿದ ಕೈ ಬಹಳ ನೋಯುತ್ತಿದ್ದುದರಿಂದ ಎರಡನೆಯದಕ್ಕೇ ಜನ ತಪ್ಪಿಸಿಕೊಳ್ಳುತ್ತಿದ್ದರು. ಅದರ ಪರಿಣಾಮವೇ ಸಾಲದು ಎಂದಾಗಿ 2022ರಲ್ಲಿ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಹಯೋಗದಲ್ಲಿ ಹೊಸ ಲಸಿಕೆ ತಯಾರಾಗುತ್ತಿದೆ. ಅದು ಕೈಗೆ ಸಿಗುವ ತನಕ ಎಣ್ಣೆ, ಗಂಬೂಟು, ಹಂಡೆಯ ಬಿಸಿನೀರು.

ಕಳೆದ ದೀಪಾವಳಿಗೆ ಅತ್ತೆಯ ಮನೆಗೆ ಹೋದಾಗ ಬಚ್ಚಲ ಬಾಗಿಲ ಮೊಳೆಗೆ ಒಂದು ಬಟ್ಟೆಚೀಲ ತೂಗುತ್ತಿತ್ತು. ಒಳಗೆ ಚಿಮಟ, ಟಾರ್ಚು, ಸೀಲು ಒಡೆದ ಡೆಪಾ ಬಾಟಲಿ, ಜೊತೆಗೊಂದು ಮೋಟು ಪೆನ್ಸಿಲ್.

"ಪೆನ್ಸಿಲ್ ಎಂತಕ್ಕೆ ಅತ್ತೆ?"

ಅವರು ಒಲೆಗೆ ಕಟ್ಟಿಗೆ ತಳ್ಳುತ್ತ ಗೋಡೆಯ ಕಡೆ ಗಲ್ಲ ತೋರಿಸಿದರು. ಸುಣ್ಣದ ಗೋಡೆಯ ಮೇಲೆ, ಹಾಲಿನ ಲೆಕ್ಕದ ಗೀಟುಗಳ ಪಕ್ಕದಲ್ಲೇ, ಹಿಂದಿನ ಬೇಸಿಗೆಯ ಏಳೆಂಟು ತಾರೀಕುಗಳು. ಒಂದೊಂದರ ಎದುರಿಗೂ ಮನೆಯವರ ಹೆಸರಿನ ಮೊದಲ ಅಕ್ಷರ.